ಬೆಚ್ಚದ ಮೀನು

ನಮ್ಮೂರಿನಲ್ಲಿ ಯಾರಾದರೂ ಸುಮ್ಮಸುಮ್ಮನೆ ಗಾಬರಿಯಾದರೆ ‘ಏನಾಯ್ತು’ ಎಂದು ಯಾರೂ ಕೇಳುವುದಿಲ್ಲ, ‘ಯಾರ ಮನೆ ಮೀನು ತಿಂದೆ’ ಎಂದು ಕೇಳುತ್ತಾರೆ. ನಮ್ಮ ಹೊಳೆಯ ಮೀನು ಪ್ರಾಣ ಬಿಡುವಾಗ ಹೇಗಿತ್ತೋ, ತಿಂದವರ ಜೀವವೂ ಮಾರನೆಯ ದಿನದ ಒಲೆ ಹತ್ತುವ ತನಕ ಹಾಗೇ ಇರುತ್ತದೆ. ಹೊರಗಿನವರು ಇದನ್ನು ಕೇಳಿ ನಗುತ್ತಾರೆ. ನಗಲಿ. ಮೆಣಸಿನಕಾಯಿ ತಿಂದವನ ಬಾಯಿ ಉರಿಯುತ್ತದೆ, ಹೆಂಡ ಕುಡಿದವನ ನಾಲಿಗೆ ತೊದಲುತ್ತದೆ. ಹೆದರಿದ ಮೀನು ತಿಂದವನ ಎದೆ ಹೊಡೆದುಕೊಂಡರೆ ಅದರಲ್ಲಿ ನಗುವಂಥದ್ದೇನಿದೆಯೋ ನನಗೆ ಗೊತ್ತಿಲ್ಲ. ಒಂದು ಸಲ ನಿಶ್ಚಿತಾರ್ಥದ ಔತಣದಲ್ಲಿ ಯಾರೋ ಅವಸರಕ್ಕೆ ಬಿದ್ದು, ಬಲೆಯಿಂದ ತೆಗೆದ ಮೀನನ್ನು ಹಾಗೇ ಕೊಯ್ದು ಸಾರು ಮಾಡಿ ಬಡಿಸಿಬಿಟ್ಟರು. ಎಲೆಯ ಮುಂದಿನಿಂದ ಎದ್ದು ಓಡಿದ ಗಂಡಿನ ಕಡೆಯವರು ಹೊಳೆ ದಾಟುವ ತನಕ ನಿಲ್ಲಲಿಲ್ಲ. ಆ ಸಂಬಂಧ ಅಲ್ಲಿಗೇ ಮುರಿದುಬಿತ್ತು.

ಅದಕ್ಕೆಂದೇ ನಮ್ಮಲ್ಲಿ ತಣಿಸುವ ಕಸುಬಿದೆ. ನನ್ನ ಹೆಸರು ಬೋರಲಿಂಗ. ನಾನು ತಣಿಸುವವನು, ನಮ್ಮಪ್ಪನೂ ತಣಿಸುವವನಾಗಿದ್ದ. ಹೊಳೆಯ ಮೆಟ್ಟಿಲಿನ ಪಕ್ಕದಲ್ಲಿ, ಹುಣಸೆಮರದ ನೆರಳಿಗೆ, ಸಾಲಾಗಿ ಕಲ್ಲುಬಾನಿಗಳಿವೆ. ಬೆಸ್ತರು ಹಿಡಿದು ತಂದ ಮೀನನ್ನು ಆ ಬಾನಿಗಳಿಗೆ ಬಿಟ್ಟು, ಮೇಲೆ ಒದ್ದೆ ಗೋಣಿ ಹೊದಿಸಿ, ಪಕ್ಕದಲ್ಲಿ ಕೂತಿರುವುದು ನನ್ನ ಕೆಲಸ. ನನ್ನ ನೆರಳು ನೀರಿನ ಮೇಲೆ ಬೀಳಬಾರದು. ಕೆಮ್ಮು ಬಂದರೆ ಎದ್ದು ದೂರ ಹೋಗಬೇಕು. ಆಗಾಗ ಅಂಗೈಯಿಂದ ನೀರನ್ನು ಮೆಲ್ಲಗೆ ಸವರುತ್ತಿರಬೇಕು. ಕಿವಿರಿನ ಬಡಿತ ನಿಧಾನವಾದ ಮೇಲೆ ಬಾನಿಯ ಅಂಚನ್ನು ಬೆರಳ ಗೆಣ್ಣಿನಿಂದ ತಟ್ಟುತ್ತೇನೆ. ಮೀನು ತಲೆಯನ್ನು ಮಾತ್ರ ತಿರುಗಿಸಿದರೆ ಅದು ತಣಿದಿದೆ ಎಂದರ್ಥ. ಮಲಗಿರುವ ನಾಯಿ ಕಣ್ಣು ಮುಚ್ಚಿದ್ದರೂ ಒಂದು ಕಿವಿ ಎತ್ತಿರುತ್ತದಲ್ಲ, ಹಾಗೆ. ಬಾಲ ಬಡಿದು ಮೂಲೆಗೆ ಓಡಿದರೆ ಇನ್ನೂ ಹೊತ್ತು ಬೇಕು. ತಣಿಸುವವನು ಮಾತ್ರ ಮೀನು ತಿನ್ನಕೂಡದು. ‘ಊರಲ್ಲಿ ಒಬ್ಬನಿಗಾದ್ರೂ ಸ್ವಂತದ ಭಯ ಇರ್ಬೇಕು ಕಣ್ಲಾ, ಇಲ್ದಿದ್ರೆ ಪಕ್ಕದ ಜೀವ ಹೆದರ್ಕಂಡದೆ ಅಂತ ಹೆಂಗ್ ತಿಳೀತದೆ’ ಎಂದು ನಮ್ಮಪ್ಪ ಹೇಳುತ್ತಿದ್ದ. ಹೀಗಾಗಿ ಮೀನಿನ ಊರಿನಲ್ಲಿ ಹುಟ್ಟಿಯೂ ನನ್ನ ಆಯುಸ್ಸೆಲ್ಲ ಅವರೆಕಾಳಿನ ಸಾರಿನಲ್ಲೇ ಕಳೆಯಿತು.

ಸ್ವಂತದ ಭಯ ಎಂದರೆ ನನ್ನ ಹೆಂಡತಿ ಹೊನ್ನಾಜಿಯದು. ಅವಳು ಮೀನು ತಿನ್ನುತ್ತಿದ್ದಳು, ಆದರೆ ಎಷ್ಟು ತಣಿದ ಮೀನು ತಿಂದರೂ ಅವಳ ಹೆದರಿಕೆ ಪೂರ್ತಿ ತಣಿಯುತ್ತಿರಲಿಲ್ಲ. ದೇವರು ನಮಗೆ ಮಕ್ಕಳನ್ನು ಕೊಡಲಿಲ್ಲ. ಮನೆ ತುಂಬ ಮಕ್ಕಳಿಗೆ ಸಾಲುವಷ್ಟು ಹೆದರಿಕೆಯನ್ನು ಅವಳಿಗೆ ಕೊಟ್ಟ, ಅದನ್ನೆಲ್ಲ ಅವಳು ನನ್ನೊಬ್ಬನ ಮೇಲೇ ಸುರಿದಳು. ನಾನು ಮನೆಗೆ ಬರುವುದು ಒಂದು ಎಲೆಅಡಿಕೆ ಜಗಿಯುವಷ್ಟು ಹೊತ್ತು ತಡವಾದರೂ ಸಾಕು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಳೆಯ ದಾರಿ ಹಿಡಿಯುವಳು. ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ‘ನಮ್ಮೋರನ್ನ ಕಂಡ್ರಾ’ ಎಂದು ಕೇಳುವಳು. ನಾನು ಎದುರಾದೊಡನೆ ಅಳುವುದಿಲ್ಲ, ನಗುವುದಿಲ್ಲ, ಬೈಯುವುದಕ್ಕೆ ಶುರುಮಾಡುವಳು. ಬೆಸ್ತರು ನನ್ನನ್ನು ಛೇಡಿಸುತ್ತಿದ್ದರು: ‘ಬೋರಣ್ಣ, ಊರ ಮೀನೆಲ್ಲಾ ತಣಿಸ್ತೀಯ, ಮನೇಲಿರೋದನ್ನ ತಣಿಸಕಾಗ್ಲಿಲ್ವಲ್ಲ ನಿನ್ ಕೈಲಿ.’ ನನಗೆ ನಾಚಿಕೆಯಾಗುತ್ತಿತ್ತು. ಎಷ್ಟೋ ಸಲ ಅವಳನ್ನು ಗದರಿದ್ದೂ ಉಂಟು.

ಹೊಳೆಯ ಮೇಲ್ದಂಡೆಯಲ್ಲಿ ಮೆರುಗು ಕಾರ್ಖಾನೆ ಬಂತು. ತಗಡಿಗೆ, ಕೊಳವೆಗೆ, ಬೀಗಕ್ಕೆ ಕನ್ನಡಿಯಂಥ ಹೊಳಪು ಹಚ್ಚುವ ಕಾರ್ಖಾನೆ. ಶುರುವಾದ ದಿನ ಮನೆಗೊಂದರಂತೆ ಮೆರುಗಿನ ತಟ್ಟೆ ಹಂಚಿದರು. ನಮ್ಮ ತಟ್ಟೆಯನ್ನು ಹೊನ್ನಾಜಿ ಊಟಕ್ಕೆ ಬಳಸಲಿಲ್ಲ, ಗೂಡಿನಲ್ಲಿ ನಿಲ್ಲಿಸಿ ಮುಖ ನೋಡಿಕೊಳ್ಳಲು ಇಟ್ಟುಕೊಂಡಳು. ಕೆಲವು ದಿನ ಹೊಳೆಯ ನೀರಿನ ಮೇಲೆ ಹಳದಿ ಪೊರೆಯೊಂದು ತೇಲಿಬರುತ್ತಿತ್ತು. ಅಂಥ ದಿನ ನೀರು ಬಾಯಿಗಿಟ್ಟರೆ ಕಬ್ಬಿಣದ ಮೊಳೆ ನೆಕ್ಕಿದ ಹಾಗಾಗುತ್ತಿತ್ತು.

ಅಲ್ಲಿಂದ ಮೀನುಗಳ ಗಾಬರಿ ಶುರುವಾಯಿತು. ಬಾನಿಗೆ ಬಿಟ್ಟ ಗೆಂಡೆಮೀನುಗಳು ಗೋಡೆಗೆ ಡಿಕ್ಕಿ ಹೊಡೆದು ಮೂತಿ ಒಡೆದುಕೊಳ್ಳುತ್ತಿದ್ದವು. ನಾನು ಬೆಳಿಗ್ಗೆ ಕೂತವನು ಸಂಜೆಯಾದರೂ ಏಳುವ ಹಾಗಿರಲಿಲ್ಲ. ಎಷ್ಟು ಸವರಿದರೂ ಕಿವಿರು ಬಡಿದುಕೊಳ್ಳುತ್ತಲೇ ಇರುತ್ತಿತ್ತು. ಹಸಿದ ಜನ ಎಷ್ಟೆಂದು ಕಾದಾರು? ಅರೆತಣಿದ ಮೀನನ್ನೇ ಒಯ್ದು ತಿಂದರು. ಆ ಬೇಸಿಗೆಯಿಡೀ ಊರು ಹೆದರಿ ಮುದುಡಿಕೊಂಡಿತು. ಹಗಲಲ್ಲೇ ಅಗಳಿ ಹಾಕಿಕೊಳ್ಳುತ್ತಿದ್ದರು. ಕಾಗೆಯ ನೆರಳು ಅಂಗಳ ದಾಟಿದರೆ ಹೆಂಗಸರು ಒಳಗೆ ಓಡುತ್ತಿದ್ದರು. ಹೊನ್ನಾಜಿಯಂತೂ ನಾನು ಹೊಳೆಗೆ ಹೊರಟರೆ ಅಂಗಿ ಹಿಡಿದುಕೊಂಡು ಬಿಡುತ್ತಲೇ ಇರಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಬೆಸ್ತರ ಮರಿಸ್ವಾಮಿ ಬುಟ್ಟಿ ತಂದು ನನ್ನ ಮುಂದಿಟ್ಟು, ‘ನೋಡು ಬೋರಣ್ಣ, ಇವು ತಣಿದೇ ಬಂದವೆ’ ಎಂದ. ಬಲೆ ಹಾಕುವುದೇ ಬೇಕಾಗಿರಲಿಲ್ಲವಂತೆ, ನೀರಿಗೆ ಕೈ ಇಟ್ಟರೆ ಕೈಗೇ ಬಂದವಂತೆ. ಬಾನಿಗೆ ಬಿಟ್ಟೆ. ಅಂಚು ತಟ್ಟಿದೆ. ಒಂದೂ ತಲೆ ತಿರುಗಿಸಲಿಲ್ಲ. ಜೋರಾಗಿ ತಟ್ಟಿದೆ. ನನ್ನ ನೆರಳನ್ನು ಬೇಕೆಂದೇ ನೀರಿನ ಮೇಲೆ ಚಾಚಿದೆ. ಅವು ಇದ್ದಲ್ಲೇ ಇದ್ದವು. ಬೆನ್ನು ಬಡಕಲಾಗಿತ್ತು, ಕಿವಿರಿನ ಅಂಚು ಹರಿದ ಬಟ್ಟೆಯಂತಾಗಿತ್ತು, ರೆಕ್ಕೆಯ ಬುಡದಲ್ಲಿ ಹುಣ್ಣು. ‘ಇವಕ್ಕೇನೋ ಆಗದೆ ಮರಿಸ್ವಾಮಿ’ ಎಂದೆ. ಅವನು, ‘ಆಗಿರೋದು ಒಳ್ಳೇದೇ ಆಗದೆ. ಗಂಗವ್ವ ಕಣ್ಬಿಟ್ಟವ್ಳೆ. ಒಂದು ಬೇಸ್ಗೆ ಹೆದರಿಸಿದ್ದು ಸಾಕು ಅಂತ’ ಎಂದ. ಊರಿನವರೂ ಹಾಗೇ ಎಂದರು. ಬೇರೆ ಯಾವ ಊರಿನವರಾದರೂ ಮೀನು ಓಡುತ್ತಿಲ್ಲವೆಂದರೆ ರೋಗ ಎಂದುಕೊಳ್ಳುತ್ತಿದ್ದರೇನೋ. ತಣಿದದ್ದೇ ಒಳ್ಳೆಯದು ಎಂದು ತಲೆತಲಾಂತರದಿಂದ ನಂಬಿಕೊಂಡು ಬಂದವರು ನಾವು. ಕೈಗೆ ಬಂದ ಮೀನನ್ನು ವರ ಎಂದುಕೊಂಡೆವು. ಹೊಳೆತಾಯಿ ಗಂಗವ್ವನಿಗೆ ತೆಂಗಿನಕಾಯಿ ಒಡೆದು, ಅದೇ ದಿನ ಮನೆಮನೆಯಲ್ಲೂ ಸಾರು ಕುದಿಸಿದರು.

ಸುಳ್ಳು ಯಾಕೆ ಹೇಳಲಿ, ಮೊದಮೊದಲು ಚೆನ್ನಾಗಿಯೇ ಇತ್ತು. ಜಗಳಗಳು ನಿಂತವು. ಯಾರೂ ಬಾಗಿಲು ಹಾಕಿಕೊಳ್ಳಲಿಲ್ಲ. ಸಂತೆಬೀದಿಯ ಹಳೆಯ ಗೋಡೆ ವಾಲಿ ನಿಂತಿತ್ತು. ಅದರ ಬುಡದಲ್ಲೇ ಹೆಂಗಸರು ನಿರಾಳವಾಗಿ ಸೊಪ್ಪು ಹರಡಿಕೊಂಡು ಕೂತರು. ಶಾಲೆಯೊಳಗೆ ನಾಗರಹಾವು ಬಂದಾಗ ಮೇಷ್ಟ್ರು ಮಗ್ಗಿ ನಿಲ್ಲಿಸಲಿಲ್ಲ, ಹಾವು ಒಂದು ಸುತ್ತು ಹೊಡೆದು ಬೇಸರದಿಂದೆಂಬಂತೆ ಹೊರಟುಹೋಯಿತು. ಇವೆಲ್ಲ ಹೇಳಿಕೊಂಡು ನಗಬಹುದಾದ ಮಾತುಗಳು. ನನಗೆ ಮಾತ್ರ ಕೆಲಸ ತಪ್ಪಿತು. ಬಾನಿಗಳು ಒಣಗಿ, ಅವುಗಳಲ್ಲಿ ಹುಣಸೆ ಎಲೆ ತುಂಬಿತು. ಆದರೂ ದಿನಾ ಹೋಗಿ ಅಲ್ಲೇ ಕೂರುತ್ತಿದ್ದೆ, ಕೂತು ರೂಢಿಯಾದ ಜಾಗ.

ಆ ದಿನಗಳಲ್ಲೇ ಒಮ್ಮೆ ಸೌದೆ ತರಲು ಹರಿಗೋಲಿನಲ್ಲಿ ಆಚೆ ದಡಕ್ಕೆ ಹೋದವನು ಸುಳಿಗೆ ಸಿಕ್ಕಿದೆ. ಹರಿಗೋಲು ಮಗುಚಿತು. ಬಂಡೆಗೆ ಹಣೆ ಬಡಿಯಿತು. ನೀರು ನನ್ನನ್ನು ಎತ್ತಲೋ ಎಳೆದುಕೊಂಡು ಹೋಗಿ, ಕೊನೆಗೆ ಆನೆಜೊಂಡಿನ ಮಧ್ಯೆ ಉಗುಳಿತು. ದಡ ಹತ್ತಿ, ಮುಖದ ಮೇಲೆ ರಕ್ತ ಸುರಿಸಿಕೊಂಡು, ಅಷ್ಟು ದೂರದಿಂದ ಕುಂಟುತ್ತಾ ನಡೆದುಬಂದೆ. ದೀಪ ಹಚ್ಚುವ ಹೊತ್ತು ಮೀರಿತ್ತು. ದಾರಿಯುದ್ದಕ್ಕೂ ನಾನು ನೋವನ್ನು ನೆನೆಯಲಿಲ್ಲ, ಇವತ್ತು ಹೊನ್ನಾಜಿಯ ಬಾಯಿಗೆ ಹೇಗೆ ಸಿಕ್ಕಿಕೊಳ್ಳುವುದು ಎಂದೇ ಯೋಚಿಸುತ್ತಿದ್ದೆ. ಈ ತಿರುವಿನಲ್ಲಿ ಸಿಕ್ಕಾಳು, ಆ ಬೇಲಿಯ ಹತ್ತಿರ ಸಿಕ್ಕಾಳು ಎಂದುಕೊಂಡು ಮನೆಯ ತನಕ ಬಂದುಬಿಟ್ಟೆ. ಅವಳು ಒಲೆಯ ಮುಂದೆ ಕೂತು ಉಣ್ಣುತ್ತಿದ್ದಳು. ನನ್ನನ್ನು ನೋಡಿ, ‘ಬಂದ್ರಾ. ಮುದ್ದೆ ಅಲ್ಲೇ ಅದೆ, ಹಾಕ್ಕಳಿ’ ಎಂದಳು.

‘ಹರಿಗೋಲು ಮಗುಚ್ತು ಹೊನ್ನಾಜಿ, ಸತ್ತೇ ಹೋಗಿರ್ತಿದ್ದೆ’ ಎಂದೆ.

‘ಹೌದಾ’ ಎಂದಳು. ಸಾರಿನಲ್ಲಿ ಅದ್ದಿದ ತುತ್ತನ್ನು ನುಂಗಿ, ‘ಸೌದೆನೂ ಹೋಯ್ತಾ ಹಂಗಾರೆ’ ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ತಾತ್ಸಾರವೂ ಇರಲಿಲ್ಲ. ಇದ್ದಿದ್ದರೆ ನಾನು ಹೇಗೋ ಜಗಳವಾಡಿ ಹಗುರಾಗುತ್ತಿದ್ದೆ. ಹಣೆಯನ್ನು ನಾನೇ ತೊಳೆದುಕೊಂಡು, ನಾನೇ ಅರಿಶಿನ ಹಚ್ಚಿಕೊಂಡೆ. ಹೆತ್ತವರು ಹೋದಾಗಲೂ ನನಗೆ ಅಷ್ಟು ಒಂಟಿ ಎನ್ನಿಸಿರಲಿಲ್ಲ. ನಾನು ಸತ್ತು ಅವಳು ಬದುಕಿದ್ದರೆ ಹೇಗಿರುತ್ತಿತ್ತೋ, ಅದನ್ನು ಬದುಕಿರುವಾಗಲೇ ಕಣ್ಣಾರೆ ಕಂಡ ಹಾಗಾಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಹೊನ್ನಾಜಿ ಹೊಳೆಯಲ್ಲಿ ಬಟ್ಟೆ ಒಗೆಯುವಾಗ ತಗಡಿನ ಚೂರು ತುಳಿದಳು. ಕಾರ್ಖಾನೆಯವರು ಎಸೆದ ಚೂರುಗಳು ಮರಳಲ್ಲಿ ಹೂತುಕೊಂಡಿರುತ್ತಿದ್ದವು. ಕಿರುಬೆರಳಿನ ಬುಡ ಸೀಳಿತ್ತು. ಅವಳು ಅದಕ್ಕೊಂದು ಚಿಂದಿಯನ್ನೂ ಕಟ್ಟಲಿಲ್ಲ. ನಾನು ಕಟ್ಟಿದರೆ ಬೇಡವೆನ್ನಲಿಲ್ಲ, ಬಿಚ್ಚಿಹೋದರೆ ಮತ್ತೆ ಕಟ್ಟಿಕೊಳ್ಳಲಿಲ್ಲ. ಗಾಯ ಮೊದಲು ಕೆಂಪಾಯಿತು, ಆಮೇಲೆ ನೇರಳೆಯಾಯಿತು, ಆಮೇಲೆ ಕಿರುಬೆರಳೂ ಪಕ್ಕದ ಬೆರಳೂ ಕಪ್ಪಗಾಗಿ ಮನೆಯಲ್ಲೆಲ್ಲ ವಾಸನೆ ಬಂತು. ‘ನೋಯಲ್ವಾ’ ಎಂದರೆ ‘ನೋಯ್ತದೆ’ ಎನ್ನುವಳು. ‘ಭಯ ಆಗಲ್ವಾ’ ಎಂದರೆ ನನ್ನ ಮುಖವನ್ನೇ ನೋಡುವಳು, ಯಾವುದೋ ಮರೆತ ಹೆಸರನ್ನು ನೆನಪು ಮಾಡಿಕೊಳ್ಳುವವಳ ಹಾಗೆ. ಡಾಕ್ಟರು ವಿರೂಪಾಕ್ಷಯ್ಯನವರನ್ನು ಮನೆಗೆ ಕರೆತಂದೆ. ಅವರೂ ಊರ ಮೀನು ತಿನ್ನುವವರೇ. ಬಗ್ಗಿ ನೋಡಿ, ‘ಕೆಟ್ಟಿದೆ. ತೆಗೀಬೇಕಾಗುತ್ತೆ. ತೆಗೆಯೋಣ, ಇನ್ನೂ ಸ್ವಲ್ಪ ದಿನ ನೋಡ್ಕೊಂಡು’ ಎಂದು ಎಲೆಅಡಿಕೆ ಹಾಕಿಕೊಂಡು ಹೋದರು.

ಒಂದು ಮಧ್ಯಾಹ್ನ ನನ್ನ ಸಂಕಟ ನೋಡಿ ಹೊನ್ನಾಜಿಯೇ ಒಂದು ಬಟ್ಟಲು ಮೀನಿನ ಸಾರು ತಂದು ಮುಂದಿಟ್ಟಳು. ‘ನೀವೂ ತಿನ್ನಿ. ಯಾಕೆ ಒಬ್ಬರೇ ಒದ್ದಾಡ್ತೀರ. ಹಗುರಾಗ್ತದೆ’ ಎಂದಳು. ಹುಣಸೆಹುಳಿಯ, ಬೆಳ್ಳುಳ್ಳಿಯ ಘಮ. ಬಟ್ಟಲು ಎತ್ತಿ ತುಟಿಯ ತನಕ ತಂದೆ. ಜಾತಿಕಸುಬಿನ ಕಟ್ಟಳೆ ನನ್ನ ಕೈ ತಡೆಯಿತು ಎಂದರೆ ಅದು ಬಡಾಯಿ. ಆ ಗಳಿಗೆಯಲ್ಲಿ ಕಟ್ಟಳೆ ನನಗೆ ನೆನಪಿರಲಿಲ್ಲ. ಊರವರೆಲ್ಲ ಇದ್ದ ನಿಶ್ಚಿಂತೆಯ ಕಡೆಗೆ ನನಗೂ ಹೋಗಬೇಕೆನ್ನಿಸಿತ್ತು. ಅಷ್ಟರಲ್ಲಿ ಬಟ್ಟಲಿನ ಅಂಚಿನಾಚೆ ಅವಳ ಪಾದ ಕಂಡಿತು. ನಾನೂ ಹಗುರಾಗಿಬಿಟ್ಟರೆ ಆ ಪಾದವನ್ನು ನೋಡುವವರು ಯಾರು? ಬಟ್ಟಲನ್ನು ಕೆಳಗಿಟ್ಟೆ. ಅವಳು ಬೇಸರಪಟ್ಟುಕೊಳ್ಳದೆ ಅದನ್ನು ತಾನೇ ಕುಡಿದಳು.

ಅದೇ ವಾರ ದೂರದ ಪಟ್ಟಣದಿಂದ ಇಂದುಮತಿ ಎಂಬ ಹೆಣ್ಣುಮಗಳು ಹೊಳೆಯನ್ನು ಪರೀಕ್ಷಿಸಲು ಬಂದಳು. ಬಾಟಲಿಗಳಲ್ಲಿ ನೀರು ತುಂಬಿಕೊಂಡಳು. ಗೆಂಡೆಗಳ ಬಾಲದ ಬುಡಕ್ಕೆ ಸಣ್ಣ ಸೂಜಿ ಚುಚ್ಚಿ ರಕ್ತ ತೆಗೆದಳು. ನನ್ನ ಬಾನಿಗಳನ್ನು ಕೇಳಿ ಪಡೆದು, ಮೀನುಗಳನ್ನು ಬಿಟ್ಟು ಬೆದರಿಸಿ ನೋಡಿದಳು. ನಾನು ಅವಳ ಪಕ್ಕ ಕೂತು, ಇದೇನಾಗಿದೆ ಇವಕ್ಕೆ ಎಂದು ಕೇಳಿದೆ. ಅವಳು ಹೇಳಿದಳು: ‘ಅಪಾಯ ಬಂದಾಗ ಮೈಯೊಳಗೆ ಒಂದು ರಸ ಊರುತ್ತೆ ಬೋರಲಿಂಗಣ್ಣ. ಓಡು, ಉಳಿಸ್ಕೋ ಅಂತ ಕೂಗೋ ರಸ ಅದು. ನಮಗೂ ಇದೆ, ಮೀನಿಗೂ ಇದೆ. ಈ ನೀರಲ್ಲಿರೋ ವಿಷ ಹಗಲೂ ರಾತ್ರಿ ಅದನ್ನ ಕೂಗಿಸ್ತಾನೇ ಇತ್ತು. ಕೂಗಿ ಕೂಗಿ ಈಗ ಗಂಟಲೇ ಬಿದ್ದುಹೋಗಿದೆ. ಹುಲಿ ಬಂದ್ರೂ ಕೂಗಕ್ಕಾಗಲ್ಲ.’

‘ಅಂದ್ರೆ ಇವು ತಣಿದಿಲ್ಲ.’

‘ತಣಿದಿಲ್ಲ. ಸೋತಿವೆ. ಸೋತ ಮೈಗೆ ರೋಗ ಬೇಗ ಹತ್ತುತ್ತೆ, ಅದಕ್ಕೇ ಈ ಹುಣ್ಣು. ಇವು ಸರಿಯಾಗಿ ತಿಂತಿಲ್ಲ, ಬೆಳೀತಿಲ್ಲ. ಹೀಗೇ ಇದ್ರೆ ಹೊಳೇಲಿ ಮೀನೇ ಉಳಿಯಲ್ಲ.’

ಆ ಸಂಜೆ ಅವಳು ಅರಳಿಕಟ್ಟೆಯ ಮುಂದೆ ಊರವರನ್ನೆಲ್ಲ ಸೇರಿಸಿ ಅದನ್ನೇ ಹೇಳಿದಳು. ನೀರಲ್ಲಿ ವಿಷವಿದೆ, ಕಾರ್ಖಾನೆಯ ಕೊಳಕು ಹೊಳೆಗೆ ಬಿಡುವ ಕಾಲುವೆ ಮುಚ್ಚಿಸಬೇಕು, ಈ ಮೀನು ತಿನ್ನಬೇಡಿ ಎಂದಳು. ಜನ ಮರ್ಯಾದೆಯಿಂದ ಕೇಳಿದರು. ಮರಿಸ್ವಾಮಿ, ‘ಇರಬೌದು ತಾಯಿ, ನೀವ್ ಓದ್ದೋರು ಹೇಳಿದ್ ಮ್ಯಾಲೆ’ ಎಂದ. ಒಬ್ಬಾಕೆ, ‘ಮೇಡಂ ಗಂಟಲು ಒಣಗದೆ, ಮಜ್ಜಿಗೆ ಕೊಡ್ರಿ’ ಎಂದಳು. ಆಮೇಲೆ ಎಲ್ಲರೂ ಎದ್ದು ಊಟಕ್ಕೆ ಹೋದರು. ಬೈದು ಓಡಿಸಿದ್ದರೂ ಇಂದುಮತಿಯ ಮುಖ ಅಷ್ಟು ಬಿಳಿಚಿಕೊಳ್ಳುತ್ತಿರಲಿಲ್ಲ. ಹೊರಡುವ ಮೊದಲು ನಮ್ಮ ಮನೆಗೆ ಬಂದು ಹೊನ್ನಾಜಿಯ ಕಾಲು ನೋಡಿದಳು. ನೋಡಿದೊಡನೆ ಬಾಯಿಗೆ ಕೈ ಹೋಯಿತು. ನನಗೆ ಅಳು ಒತ್ತರಿಸಿ ಬಂತು. ಎಷ್ಟೋ ಕಾಲದ ಮೇಲೆ ಮತ್ತೊಂದು ಜೀವ ಹೆದರಿದ್ದನ್ನು ನೋಡುತ್ತಿದ್ದೆ. ‘ಈ ಬೆರಳು ಈಗ್ಲೇ ತೆಗೆಸಿ, ಕಾಯಬೇಡಿ’ ಎಂದಳು. ‘ಬಿದ್ದ ಗಂಟಲು ಮತ್ತೆ ಬರ್ತದಾ’ ಎಂದು ಕೇಳಿದೆ. ‘ಒಳ್ಳೇ ನೀರಲ್ಲಿ ಬಹಳ ದಿನ ಇಟ್ರೆ ಕೆಲವಕ್ಕೆ ಬಂದಿದೆ. ಎಲ್ಲಕ್ಕೂ ಬರುತ್ತೆ ಅಂತ ಹೇಳಕ್ಕಾಗಲ್ಲ’ ಎಂದಳು. ಅವಳ ಬಸ್ಸು ಧೂಳೆಬ್ಬಿಸಿಕೊಂಡು ಹೋಗುವುದನ್ನು ತುಂಬ ಹೊತ್ತು ನೋಡುತ್ತಾ ನಿಂತಿದ್ದೆ.

ಕಾಯುವ ತಾಳ್ಮೆ ನನಗೆ ಆಗ ಇರಲಿಲ್ಲ. ಹೊನ್ನಾಜಿಗೆ ಭಯ ಬಂದರೆ ಅವಳೇ ಡಾಕ್ಟರ ಹತ್ತಿರ ಓಡುತ್ತಾಳೆ ಎಂದುಕೊಂಡು, ನನ್ನ ಕಸುಬಿನವರು ಕನಸಿನಲ್ಲೂ ಮಾಡದ ಕೆಲಸ ಮಾಡಿದೆ. ಕಾರ್ಖಾನೆಗಿಂತ ಮೇಲೆ, ಹೊಳೆ ಬಂಡೆಯಿಂದ ಧುಮುಕುವ ಮಡುವಿಗೆ ನಡೆದುಹೋದೆ. ಅಲ್ಲಿನ ಗೆಂಡೆಗಳು ನನ್ನ ಹೆಜ್ಜೆ ಕೇಳಿಯೇ ಚದುರಿದವು. ಕಷ್ಟಪಟ್ಟು ಒಂದನ್ನು ಹಿಡಿದೆ. ತಣಿಸಲಿಲ್ಲ. ಕೈಯಲ್ಲಿ ಒದ್ದಾಡುತ್ತಿರುವಾಗಲೇ ಕಲ್ಲಿಗೆ ಬಡಿದೆ. ಮನೆಗೆ ತಂದು ನಾನೇ ಸಾರು ಮಾಡಿ ಬಡಿಸಿದೆ.

ಉಂಡು ಕೈತೊಳೆಯುವಷ್ಟರಲ್ಲಿ ಅವಳ ಉಸಿರು ಬದಲಾಯಿತು. ಕಣ್ಣು ಅರಳಿದವು. ನಾನು ಸಂತೋಷದಿಂದ, ‘ಹೊನ್ನಾಜಿ, ಕಾಲು ನೋಡ್ಕೊ’ ಎಂದು ಹತ್ತಿರ ಹೋದೆ. ಅವಳು ಕಿರುಚದೆ, ಗೋಡೆಗೆ ಬೆನ್ನು ಒತ್ತಿಕೊಂಡು ಹಿಂದೆ ಹಿಂದೆ ಸರಿದಳು. ರಾಗಿ ತುಂಬಿದ ಮಣ್ಣಿನ ವಾಡೆಯ ಸಂದಿಯಲ್ಲಿ ತೂರಿಕೊಂಡು ಮಂಡಿಯಲ್ಲಿ ಮುಖ ಹುದುಗಿಸಿದಳು. ಅವಳು ನೋಡುತ್ತಿದ್ದುದು ಕಾಲನ್ನಲ್ಲ, ನನ್ನ ಕೈಗಳನ್ನು. ಆಗ ನನಗೆ ಹೊಳೆಯಿತು. ಆ ಮೀನು ಕೊನೆಯದಾಗಿ ಹೆದರಿದ್ದು ನನ್ನ ಕೈಗಳಿಗೆ. ನಾನು ಅವಳಿಗೆ ತಿನ್ನಿಸಿದ್ದು ಮೀನಿನ ಭಯ, ಅವಳ ಸ್ವಂತದ್ದಲ್ಲ. ‘ಬ್ಯಾಡಿ, ಮುಟ್ಬ್ಯಾಡಿ’ ಎಂದು ಅವಳು ಮೆಲ್ಲಗೆ ಹೇಳುತ್ತಲೇ ಇದ್ದಳು. ಇಷ್ಟು ವರ್ಷ ಜೊತೆಗೆ ಬಾಳಿದ ಹೆಂಗಸು ನನ್ನನ್ನು ಕೊಲೆಗಾರನಂತೆ ನೋಡುವುದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಹೊರಗೆ ಬಂದು, ಬಾಗಿಲಿಗೆ ಬೆನ್ನು ಹಾಕಿ, ಎರಡು ಕೈಗಳನ್ನೂ ಪಂಚೆಯಲ್ಲಿ ಸುತ್ತಿಕೊಂಡು ಜಗಲಿಯ ಮೇಲೆ ಕೂತೆ. ಬೀದಿಯಲ್ಲಿ ಹೋಗುವವರು ‘ಏನ್ ಬೋರಣ್ಣ, ಚಳಿಯಾ’ ಎಂದು ಕೇಳಿಕೊಂಡು ಹೋದರು.

ಮಾರನೆಯ ದಿನ ಅವಳು ಮತ್ತೆ ಮೊದಲಿನಂತೆ ನಿಶ್ಚಿಂತಳಾಗಿ ಎದ್ದು ಒಲೆ ಹಚ್ಚಿದಳು. ನಾನು ಅವಳನ್ನು ಕೈಗಾಡಿಯ ಮೇಲೆ ಕೂರಿಸಿಕೊಂಡು ಡಾಕ್ಟರ ಮನೆಗೆ ತಳ್ಳಿಕೊಂಡು ಹೋದೆ. ವಿರೂಪಾಕ್ಷಯ್ಯನವರು, ‘ಇವತ್ತೇ ಯಾಕಪ್ಪ, ಆಗಲಿ, ಬರೋ ಸೋಮವಾರ’ ಎಂದರು. ನಾನು ಅವರ ಹೊಸ್ತಿಲಿಗೆ ಅಡ್ಡಲಾಗಿ ಮಲಗಿದೆ. ‘ತೆಗೆಯೋ ತಂಕ ಏಳಲ್ಲ ಬುದ್ಧಿ. ದಾಟ್ಕೊಂಡ್ ಹೋಗಂಗಿದ್ರೆ ಹೋಗಿ’ ಎಂದೆ. ಅವರು ನನ್ನನ್ನು ದಾಟಿಕೊಂಡೇ ಹೋಗಿ ಹಾಲು ಹಾಕಿಸಿಕೊಂಡು ಬಂದರು. ನಾನು ಏಳಲಿಲ್ಲ. ಕೊನೆಗೆ, ಇವನನ್ನು ಎಬ್ಬಿಸುವುದಕ್ಕಿಂತ ಬೆರಳು ತೆಗೆಯುವುದೇ ಸುಲಭ ಎನ್ನಿಸಿತೋ ಏನೋ, ಒಳಗೆ ಕರೆದರು. ಮರಗಟ್ಟಿಸುವ ಸೂಜಿ ಕೊಟ್ಟು ಎರಡು ಬೆರಳು ತೆಗೆದರು. ಅಷ್ಟು ಹೊತ್ತೂ ನಾನು ಗೋಡೆಗೆ ಮುಖ ಮಾಡಿ ನಿಂತಿದ್ದೆ. ಹೊನ್ನಾಜಿ ಬಗ್ಗಿ ನೋಡುತ್ತಾ, ‘ಇವನ್ನ ಎಲ್ಲಿ ಹಾಕ್ತೀರಿ ಸ್ವಾಮಿ’ ಎಂದು ಕೇಳಿದಳು.

ಅಂದಿನಿಂದ ಮನೆಗೆ ಮೀನು ತರಲಿಲ್ಲ. ಅವಳು ಬೇಕೆನ್ನಲಿಲ್ಲ, ಬೇಡವೆನ್ನಲಿಲ್ಲ, ನಾನು ಬಡಿಸಿದ ಅವರೆಕಾಳಿನ ಸಾರು ಉಂಡಳು. ಮೀನಿನ ಪ್ರಭಾವ ಒಂದು ದಿನದ್ದಲ್ಲವೇ, ಒಂದೆರಡು ದಿನದಲ್ಲಿ ಅವಳ ಭಯ ಅವಳಿಗೆ ಬಂದೀತು ಎಂದುಕೊಂಡಿದ್ದೆ. ಬರಲಿಲ್ಲ. ಅವಳ ಗಂಟಲೂ ಬಿದ್ದುಹೋಗಿತ್ತು. ಇಂದುಮತಿಯ ಮಾತು ನೆನೆದು, ಹೊಳೆಯ ಒಂದು ಸೋತ ಗೆಂಡೆಯನ್ನು ತಂದು ದೊಡ್ಡ ಬಾನಿಗೆ ಬಿಟ್ಟೆ. ಗುಡ್ಡದ ಒರತೆಯಿಂದ ದಿನಾ ಕಾವಡಿಯಲ್ಲಿ ಒಳ್ಳೆಯ ನೀರು ಹೊತ್ತು ತಂದು ತುಂಬಿಸಿದೆ. ಬೆಳಿಗ್ಗೆ ಬಾನಿಯ ಅಂಚು ತಟ್ಟುತ್ತಿದ್ದೆ. ಸಂಜೆ ಮನೆಗೆ ಬಂದು, ಹೊನ್ನಾಜಿಯ ಬೆನ್ನ ಹಿಂದೆ ನಿಂತು, ಗೂಡಿನಲ್ಲಿದ್ದ ಮೆರುಗಿನ ತಟ್ಟೆಯನ್ನು ನೆಲಕ್ಕೆ ಬೀಳಿಸುತ್ತಿದ್ದೆ. ಅದು ಠಣಾರೆಂದು ಬಿದ್ದು, ಗಿರಕಿ ಹೊಡೆದು, ಒಲೆಯ ತನಕ ಉರುಳಿಕೊಂಡು ಹೋಗುತ್ತಿತ್ತು. ಪಕ್ಕದ ಮನೆಯ ಬೆಕ್ಕು ಮಾಡಿಗೆ ಹಾರುತ್ತಿತ್ತು. ಅವಳು ತಿರುಗಿಯೂ ನೋಡುತ್ತಿರಲಿಲ್ಲ. ‘ತಟ್ಟೆ ಬಿತ್ತು’ ಎನ್ನುತ್ತಿದ್ದಳು, ಅಷ್ಟೇ. ನಾನು ಅದನ್ನೆತ್ತಿ ಗೂಡಿನಲ್ಲಿಡುತ್ತಿದ್ದೆ.

ಕೊರೆಯುವ ಚಳಿ ಬಂತು, ಹೋಯಿತು. ಗೆಂಡೆಯ ಹುಣ್ಣು ಮಾಯಿತು. ಕಿವಿರು ಕೆಂಪಾಯಿತು. ಅನ್ನದ ಅಗುಳು ಹಾಕಿದರೆ ತಿನ್ನತೊಡಗಿತು. ಹೊನ್ನಾಜಿಯ ಕಾಲೂ ಮಾಯಿತು, ಕೋಲೂರಿಕೊಂಡು ನಡೆದಳು. ಆದರೆ ಬಾನಿ ತಟ್ಟಿದರೆ ಅದು ಅಲುಗದು, ತಟ್ಟೆ ಬಿದ್ದರೆ ಇವಳು ಅಲುಗಳು. ಮರಿಸ್ವಾಮಿ ಆಗಾಗ ಬಂದು ಬಾನಿಯ ಕಟ್ಟೆಯ ಮೇಲೆ ಕೂರುವನು. ‘ಒಂದು ಮೀನಿಗೆ ಹೆದರಿಕೆ ಕಲಿಸಕ್ಕೆ ಇಷ್ಟ್ ನೀರು ಹೊರ್ತೀಯಲ್ಲ ಬೋರಣ್ಣ. ಅದ್ರ ಪಾಡಿಗೆ ಅದು ಸುಖವಾಗದೆ’ ಎನ್ನುವನು. ಹಾಗೆ ಹೇಳುವಾಗ ಅವನ ಎಡಗಣ್ಣಿನಲ್ಲಿ ಪೊರೆಯಂಥ ಬಿಳಿ ಹೂ ಬೆಳೆಯುತ್ತಿರುವುದು ನನಗೆ ಕಾಣುತ್ತಿತ್ತು. ತೋರಿಸಿಕೊ ಎಂದರೆ ‘ಇನ್ನೊಂದು ಕಣ್ಣದೆಯಲ್ಲ’ ಎನ್ನುವನು. ನನ್ನ ಎದೆಯೊಳಗೆ ಅವನ ಕಣ್ಣಿನ ಭಯವನ್ನೂ ಇಟ್ಟುಕೊಳ್ಳುತ್ತಿದ್ದೆ. ಹೀಗೆ ಊರವರದೆಲ್ಲ ಒಂದೊಂದು ನನ್ನ ಹತ್ತಿರ ಸೇರಿತ್ತು: ವಾಲಿದ ಗೋಡೆಯದು, ತೆರೆದಿಟ್ಟ ಬಾವಿಗಳದು, ಮೇಷ್ಟ್ರ ಕೆಮ್ಮಿನದು.

ಮಾವಿನ ಹೂ ಉದುರುವ ಕಾಲಕ್ಕೆ ಒಂದು ದಿನ ಹೋಗಿ ನೋಡಿದರೆ ಗೆಂಡೆ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಹೊರಗಿನ ಹುಣ್ಣು ಮಾದರೂ ಒಳಗೆ ಏನು ಉಳಿದಿತ್ತೋ. ಅದನ್ನು ಅಂಗೈ ಮೇಲೆ ಎತ್ತಿಕೊಂಡೆ. ಇಷ್ಟು ದಿನ ನಾನು ಅದರ ಜೊತೆ ಹೊನ್ನಾಜಿಯನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುತ್ತಾ ಬಂದಿದ್ದೆ. ಅದು ಹೋಯಿತು ಎಂದರೆ ಇವಳು ಮೊದಲಿನಂತಾಗುವ ಆಸೆಯೂ ಹೋಯಿತು ಎನ್ನಿಸಿತು. ಹುಣಸೆಮರದ ಬುಡದಲ್ಲಿ ಗುಂಡಿ ತೋಡಿ ಹೂಳಿದೆ. ಆಮೇಲೆ ಏಳಲು ಮನಸ್ಸಾಗಲಿಲ್ಲ. ಮನೆಗೆ ಹೋಗಿ ಮಾಡುವುದಾದರೂ ಏನು? ತಟ್ಟೆ ಬೀಳಿಸಿ ‘ತಟ್ಟೆ ಬಿತ್ತು’ ಎನ್ನಿಸಿಕೊಳ್ಳುವುದು. ಹೊತ್ತು ಮುಳುಗಿತು. ಕೊಕ್ಕರೆಗಳು ಮರಕ್ಕೆ ಬಂದವು. ಕಾರ್ಖಾನೆಯ ದೀಪಗಳು ನೀರಿನಲ್ಲಿ ಅಲುಗಾಡಿದವು. ಈ ಭೂಮಿಯ ಮೇಲೆ ನಾನು ಇದ್ದೇನೋ ಇಲ್ಲವೋ ಎಂದು ಕೇಳುವ ಒಂದು ನರಪಿಳ್ಳೆಯೂ ಇಲ್ಲ ಎಂದುಕೊಂಡು ಕೂತಿದ್ದೆ.

ಆಗ ದಾರಿಯ ಕಡೆಯಿಂದ ಸದ್ದು ಕೇಳಿತು. ಒಂದು ಹೆಜ್ಜೆ, ಆಮೇಲೆ ಕೋಲು ಊರಿದ ಸದ್ದು, ಆಮೇಲೆ ಎಳೆದ ಹೆಜ್ಜೆ. ಬಹಳ ಅವಸರದಲ್ಲಿತ್ತು. ತಿರುವಿನಲ್ಲಿ ಯಾರನ್ನೋ ‘ನಮ್ಮೋರನ್ನ ಕಂಡ್ರಾ’ ಎಂದು ಕೇಳಿದ್ದು ಕಿವಿಗೆ ಬಿತ್ತು. ನಾನು ಎದ್ದು ನಿಂತೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಏದುಸಿರು ಬಿಡುತ್ತಿದ್ದಳು. ಬಂದವಳೇ ನನ್ನ ಮಣಿಕಟ್ಟು ಹಿಡಿದುಕೊಂಡಳು.

‘ಎಲ್ಲಿ ಹಾಳಾಗ್ ಹೋಗಿದ್ರಿ. ಹೊತ್ ಮುಳುಗಿ ಎಷ್ಟೊತ್ತಾಯ್ತು. ದಿನಾ ಬಂದು ತಟ್ಟೆ ಬೀಳಿಸ್ತಿದ್ರಿ, ಇವತ್ತು ಬೀಳ್ಲಿಲ್ಲ. ಬೀಳ್ತದೆ ಬೀಳ್ತದೆ ಅಂತ ಕೂತಿದ್ದೆ, ಬೀಳ್ಲೇ ಇಲ್ಲ. ಎದೆ ಹೊಡ್ಕೊಳ್ಳಕೆ ಶುರುವಾಯ್ತು. ಹೊಳೆ ಪಾಲಾಗವ್ರೋ, ಹಾವ್ ಮುಟ್ತೋ ಅಂತ. ಈ ಕಾಲಿಟ್ಕೊಂಡು ಎಲ್ಲಿ ಅಂತ ಹುಡುಕ್ಲಿ ನಾನು. ಹೇಳ್ದೆ ಕೇಳ್ದೆ ಇಲ್ ಬಂದು ಕೂತಿದೀರಲ್ಲ, ಮನುಷ್ಯರೇನಾ ನೀವು.’

ನನ್ನ ಮಣಿಕಟ್ಟು ಹಿಡಿದ ಅವಳ ಬೆರಳುಗಳಲ್ಲಿ ನಾಡಿ ಹೊಡೆದುಕೊಳ್ಳುವುದು ನನಗೆ ತಿಳಿಯುತ್ತಿತ್ತು, ಬಲೆಯಿಂದ ಆಗಷ್ಟೇ ತೆಗೆದ ಮೀನಿನ ಕಿವಿರಿನ ಹಾಗೆ. ಅಂಥ ಬಡಿತ ಕೈಗೆ ಸಿಕ್ಕರೆ ಸಾಕು, ನನ್ನ ಅಂಗೈ ತಾನಾಗಿಯೇ ಸವರುವುದಕ್ಕೆ ಹೋಗುತ್ತದೆ. ಹುಟ್ಟಿದಂದಿನಿಂದ ಕಲಿತ ಕಸುಬು. ಎತ್ತಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಅವಳು ಬೈಯುತ್ತಲೇ ಇದ್ದಳು. ನಾನು ತಣಿಸಲಿಲ್ಲ, ಸುಮ್ಮನೆ ನಿಂತು ಕೇಳಿದೆ.